ಕೊಚ್ಚಿ–ತಿರುವನಂತಪುರ: ಹಾರಾಟ ಮುಕ್ಕಾಲು ಗಂಟೆ, ಪ್ರಯಾಣ ಎಷ್ಟು?

ಮುಂಬಯಿಯ ನಮ್ಮ ಸಂಘಗಳಲ್ಲಿ ಕಾಸರಗೋಡಿನ ಕಡೆಯವರು ಬಹಳ ಮಂದಿ ಇದ್ದಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಊರಿನ ಬಂಧುಗಳಿಗೆ ಹೈಕೋರ್ಟು ಕೊಚ್ಚಿಯಲ್ಲಿ, ಸೆಕ್ರೆಟರಿಯೇಟು ತಿರುವನಂತಪುರದಲ್ಲಿ. ದೊಡ್ಡ ಚಿಕಿತ್ಸೆಗೂ ಕೆಲವರು ಅತ್ತ ಹೋಗುತ್ತಾರೆ. ಹಾಗಾಗಿ ಸಭೆ ಮುಗಿದು ಚಹಾ ಕುಡಿಯುವಾಗ ಈ ಪ್ರಶ್ನೆ ಬರುವುದುಂಟು: ಇವೆರಡು ಊರುಗಳಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು?

ಎರಡೂ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 195 ಕಿ.ಮೀ. ರೈಲಿನಲ್ಲಿ ಎರ್ನಾಕುಳಂ ಜಂಕ್ಷನ್‌ನಿಂದ ಆಲಪ್ಪುಳ ಮೂಲಕ ಸುಮಾರು 205, ಕೋಟ್ಟಯಂ ಮೂಲಕ ಸುಮಾರು 220 ಕಿ.ಮೀ. ವಿಮಾನ ಏರಿ ಇಳಿಯಲು ಮುಕ್ಕಾಲು ಗಂಟೆ ಸಾಕು.

ಕೊಚ್ಚಿಯಲ್ಲಿ ಮಗಳ ಮನೆಯಲ್ಲಿದ್ದ ನಮ್ಮ ಭಾವನನ್ನು ಹೃದಯದ ತಪಾಸಣೆಗೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗೆ ಕರೆದೊಯ್ಯಬೇಕಾಗಿತ್ತು. "ಮಾವ, ವಿಮಾನದಲ್ಲೇ ಹೋಗುವ, ಅಪ್ಪನಿಗೆ ದಣಿವಾಗಬಾರದು" ಎಂದು ಸೋದರಳಿಯ ಹಟ ಹಿಡಿದ. ಬ್ಯಾಂಕಿನಲ್ಲಿ ಕೂಡಿಸಿ ಕಳೆಯುವ ಅಭ್ಯಾಸ ನನ್ನದು. ಕಾಗದ ತೆಗೆದುಕೊಂಡು ಕುಳಿತೆ.

ಎರ್ನಾಕುಳಂನಿಂದ ನೆಡುಂಬಾಶ್ಶೇರಿ ನಿಲ್ದಾಣಕ್ಕೆ ಹೆಚ್ಚುಕಡಿಮೆ 30 ಕಿ.ಮೀ., ವಾಹನದ ಒತ್ತಡದಲ್ಲಿ ಒಂದು ಗಂಟೆ. ತಪಾಸಣೆಗೆಂದು ಮೊದಲೇ ತಲುಪಿ ಕಾಯುವುದು ಎರಡು ಗಂಟೆ. ಹಾರಾಟ ಮುಕ್ಕಾಲು ಗಂಟೆ. ಇಳಿದು ಊರೊಳಗೆ ಸೇರಲು ಇನ್ನೊಂದು ಮುಕ್ಕಾಲು ಗಂಟೆ. ಒಟ್ಟು ನಾಲ್ಕೂವರೆ ಗಂಟೆ. ಅದರಲ್ಲಿ ಸಾಲಿನಲ್ಲಿ ನಿಲ್ಲುವುದೇ ಹೆಚ್ಚು. ವಂದೇ ಭಾರತ್ ರೈಲಿಗೆ ಮೂರು ಗಂಟೆ ಚಿಲ್ಲರೆ. ಬೇರೆ ಎಕ್ಸ್‌ಪ್ರೆಸ್‌ಗಳಿಗೆ ನಾಲ್ಕೈದು ಗಂಟೆ. ಸ್ಟೇಷನ್ ಎರಡೂ ಕಡೆ ಊರ ನಡುವೆಯೇ ಇದೆ.

ರೈಲಿನಲ್ಲೇ ಹೋದೆವು. ಕೊಲ್ಲಂ ದಾಟುವ ಹೊತ್ತಿಗೆ ಭಾವ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರು. ಸೋದರಳಿಯ ಮತ್ತೆ ವಿಮಾನದ ಮಾತು ಎತ್ತಲಿಲ್ಲ.

ಯುರೋಪಿನಲ್ಲೂ ಇದೇ ಲೆಕ್ಕ. ಲಂಡನ್–ಪ್ಯಾರಿಸ್ ಹಾರಾಟ ಒಂದು ಗಂಟೆ ಚಿಲ್ಲರೆ. ಆದರೂ 1994ರಲ್ಲಿ ಕಡಲಡಿಯ ಸುರಂಗ ತೆರೆದ ಮೇಲೆ ಬಹಳ ಜನ ರೈಲು ಹಿಡಿಯುತ್ತಾರೆ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಕೆಲವು ದೇಶೀಯ ಮಾರ್ಗಗಳಲ್ಲಿ ಫ್ರಾನ್ಸ್ 2023ರಲ್ಲಿ ವಿಮಾನವನ್ನೇ ನಿಲ್ಲಿಸಿತು.

ಮುಂಬಯಿಯಿಂದ ಹೋಗುವವರಿಗೆ ಒಂದು ಮಾತು. ಕೆಲಸ ತಿರುವನಂತಪುರದಲ್ಲಿದ್ದರೆ ಕೊಚ್ಚಿಯಲ್ಲಿ ಇಳಿಯದೆ ಅಲ್ಲಿಗೇ ನೇರ ಟಿಕೆಟ್ ತೆಗೆಯಿರಿ. ಪದ್ಮನಾಭಸ್ವಾಮಿ ದೇವಸ್ಥಾನದ ಆರಾಟ್ಟು ಮೆರವಣಿಗೆ ವರ್ಷಕ್ಕೆ ಎರಡು ಬಾರಿ ರನ್‌ವೇ ದಾಟಿ ಶಂಖುಮುಖಂ ಕಡಲಿಗೆ ಹೋಗುತ್ತದೆ. ಆ ಕೆಲವು ಗಂಟೆ ಅಲ್ಲಿ ವಿಮಾನ ಸಂಚಾರ ಇರುವುದಿಲ್ಲ, ದಿನ ನೋಡಿಕೊಳ್ಳಿ. ಊರಿನಿಂದ ಹೊರಡುವವರಿಗೆ 2024ರ ಮಾರ್ಚ್‌ನಲ್ಲಿ ಮಂಗಳೂರಿಗೆ ವಿಸ್ತರಿಸಿದ ವಂದೇ ಭಾರತ್ ಅನುಕೂಲ.

ಟಿಕೆಟಿನಲ್ಲಿ ಬರೆದಿರುವುದು ಹಾರುವ ಹೊತ್ತು ಮಾತ್ರ. ರೋಗಿಯನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರು ಮನೆ ಬಾಗಿಲಿನಿಂದ ಆಸ್ಪತ್ರೆ ಬಾಗಿಲಿನವರೆಗೆ ಲೆಕ್ಕ ಹಾಕಲಿ.