ಬೀಗ ಹಾಕಿದ ಮನೆಯ ಕಾವಲು

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರಗಳ ಕಡೆಯ ಹಳೆಯ ಪೇಟೆಗಳಲ್ಲಿ ಸಂಚರಿಸುವಾಗ ಓಣಿ ಓಣಿಗೂ ಬೀಗ ಹಾಕಿದ ತಲೆಬಾಗಿಲುಗಳು ಇಂದು ಕಣ್ಣಿಗೆ ಬೀಳುತ್ತವೆ. ಹಿರಿಯರು ಲಿಂಗೈಕ್ಯರಾಗಿರುತ್ತಾರೆ, ಮಕ್ಕಳು ಬೆಂಗಳೂರು, ಪುಣೆ, ಅದರಾಚೆ ಅಮೆರಿಕೆಯವರೆಗೂ ನೌಕರಿಯ ನಿಮಿತ್ತ ಹೋಗಿರುತ್ತಾರೆ. ಮನೆಯನ್ನು ಮಾರಲು ಮನಸ್ಸಿಲ್ಲ, ಇರಲು ಜನರಿಲ್ಲ. ಬಾಡಿಗೆದಾರ ಬಿಟ್ಟುಹೋದ ಪೇಟೆಯ ಅಂಗಡಿಯ ಗತಿಯೂ ಇದೇ. ಇಂಥ ಮನೆ-ಮಳಿಗೆಗಳ ವಿಷಯವಾಗಿ ಸಲಹೆ ಕೇಳಲು ನಮ್ಮಲ್ಲಿಗೆ ಬರುವ ಗೃಹಸ್ಥರು ಈಚೆಗೆ ಹೆಚ್ಚಾಗಿದ್ದಾರೆ. ಎಂಥ ಬೀಗ ಹಾಕಬೇಕು ಎಂಬುದೇ ಬಹುತೇಕರ ಪ್ರಶ್ನೆ. ಅದಕ್ಕಿಂತ ಮೊದಲು ಕೇಳಬೇಕಾದುದು ಬೇರೆಯಿದೆ: ಆ ಬಾಗಿಲನ್ನು ವಾರಕ್ಕೊಮ್ಮೆ ತೆರೆಯುವವರು ಯಾರು? ತೆರೆಯುವವರಿಗೂ ಒಡೆಯರಿಗೂ ನಡುವೆ ಬರಹದಲ್ಲಿ ಏನಿದೆ?

ನಮ್ಮ ನಾಡಿನಲ್ಲಿ ಮನೆಯೊಳಗೆ ಜನರಿದ್ದಾರೆಂಬುದನ್ನು ಅಂಗಳವೇ ಸಾರುತ್ತದೆ. ನಸುಕಿನಲ್ಲಿ ಕಸ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದ ಹೊಸ್ತಿಲನ್ನು ಕಂಡವರು ಒಳಗೆ ಸಂಸಾರವಿದೆಯೆಂದು ತಿಳಿಯುತ್ತಾರೆ. ತರಗೆಲೆ ಮೂಲೆ ಸೇರಿದ ಹೊಸ್ತಿಲು, ಬಾಗಿಲ ಸಂದಿಯಲ್ಲಿ ಸಿಕ್ಕಿಸಿದ ಎರಡು ತಿಂಗಳ ವಿದ್ಯುತ್ ಬಿಲ್ಲು, ಗೇಟಿನೊಳಗೆ ಬಿದ್ದ ದಿನಪತ್ರಿಕೆಗಳು, ಹಗಲೂ ಉರಿಯುತ್ತಿರುವ ಪಡಸಾಲೆಯ ದೀಪ, ಹಬ್ಬದ ದಿನವೂ ತೋರಣವಿಲ್ಲದ ಬಾಗಿಲು, ಇವೆಲ್ಲ ಬೇರೊಂದು ಸುದ್ದಿ ಹೇಳುತ್ತವೆ. ಕನ್ನ ಹಾಕುವವರು ಹಗಲಿನಲ್ಲಿ ಓಣಿ ಸುತ್ತಿ ಓದಿಕೊಳ್ಳುವುದು ಈ ಸುದ್ದಿಯನ್ನೇ. ಆದುದರಿಂದ ಖಾಲಿ ಮನೆಯ ಮೊದಲನೆಯ ಕಾವಲು ಒಂದು ಕಸಬರಿಗೆ ಎಂದರೆ ಉತ್ಪ್ರೇಕ್ಷೆಯಾಗದು. ಅದೇ ಓಣಿಯ ತಾಯಿಯೊಬ್ಬರಿಗೆ ತಿಂಗಳ ಸಂಬಳ ಗೊತ್ತುಮಾಡಿ ಅಂಗಳ ಗುಡಿಸಿ ರಂಗೋಲಿ ಹಾಕುವ ಕೆಲಸವನ್ನು ಒಪ್ಪಿಸಬೇಕು. ಯುಗಾದಿಗೆ ಮಾವಿನೆಲೆ, ದೀಪಾವಳಿಗೆ ನಾಲ್ಕು ಹಣತೆ ಅವರ ಕೈಯಿಂದಲೇ ಆಗಲಿ. ಸಂಬಳ ಎಂದು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪರಿಚಯದವರೆಂದು ಪುಕ್ಕಟೆ ಮಾಡಿಸಿಕೊಂಡ ಕೆಲಸ ಎರಡು ತಿಂಗಳಿಗೆ ನಿಂತುಹೋಗುತ್ತದೆ. ಕೇಳುವ ಬಾಯಿಯೂ ನಮಗಿರುವುದಿಲ್ಲ.

ಊರು ಬಿಡುವ ಮುನ್ನ ಸಮೀಪದ ಠಾಣೆಗೆ ತಿಳಿಸಿರೆಂದು ನಮ್ಮ ರಾಜ್ಯದ ಹಲವು ನಗರಗಳ ಪೊಲೀಸರು ರಜೆಯ ದಿನಗಳಲ್ಲಿ ಮನವಿ ಮಾಡುತ್ತ ಬಂದಿದ್ದಾರೆ. ಸಂಕೋಚಪಡದೆ ತಿಳಿಸಬೇಕು. ಠಾಣೆಗೆ ಒಂದು ಮಾತು ಹೇಳಲು ಹಿಂಜರಿಯುವ ಕುಟುಂಬವೇ ಯಾತ್ರೆಯ ಚಿತ್ರಗಳನ್ನು ದಿನಕ್ಕೆ ಹತ್ತರಂತೆ ಮೊಬೈಲಿನಲ್ಲಿ ಊರಿಗೆಲ್ಲ ಕಳುಹಿಸುವುದನ್ನು ಕಂಡು ನಮಗೆ ನಗು ಬಂದಿದೆ. ಕೇದಾರದ ಚಿತ್ರಗಳನ್ನು ಮರಳಿ ಬಂದ ಮೇಲೆ ತೋರಿಸಿದರೆ ಪುಣ್ಯವೇನೂ ಕಡಿಮೆಯಾಗದು.

ಇನ್ನು ಬೀಗದ ಮಾತು. ಹೊರಗೆ ತೂಗುವ ದಪ್ಪ ಬೀಗ ನೋಡಲು ಭದ್ರ, ಆದರೆ ಮನೆ ಖಾಲಿಯೆಂಬ ಫಲಕವೂ ಅದೇ. ಬಾಗಿಲೊಳಗೇ ಹುದುಗಿರುವ ಬೀಗ ಮೇಲು. ಬೀಗವನ್ನು ಒಡೆಯುವುದಕ್ಕಿಂತ ಅದು ಕೂತ ಕೊಂಡಿಯನ್ನು ಹಾರೆಯಿಂದ ಮೀಟುವುದು ಸುಲಭ. ಕೊಂಡಿಯನ್ನು ಚಿಕ್ಕ ತಿರುಪುಗಳಿಂದ ಕೂರಿಸಿದ್ದರೆ ಸಾವಿರ ರೂಪಾಯಿಯ ಬೀಗವೂ ವ್ಯರ್ಥ; ಬಾಗಿಲ ಹಲಗೆಯನ್ನು ಆರುಪಾರು ದಾಟಿ ಒಳಗಡೆ ನಟ್ಟು ಬಿಗಿಯುವ ಬೋಲ್ಟುಗಳನ್ನು ಹಾಕಿಸಬೇಕು. ಹಿತ್ತಿಲ ಬಾಗಿಲಿಗೆ ಹಳೆಯ ಕಾಲದ ಅಗಳಿಗಿಂತ ಒಳ್ಳೆಯ ಸಾಧನವನ್ನು ನಾವಿನ್ನೂ ಕಂಡಿಲ್ಲ. ಮಾಳಿಗೆಯ ಬೆಳಕಿಂಡಿಗೆ ಸರಳುಗಳಿವೆಯೇ ನೋಡಬೇಕು. ಅಂಗಡಿಯ ಶಟರಿಗೆ ಎರಡು ಬದಿಗೂ ಬೀಗ ಹಾಕಿ ನಿಶ್ಚಿಂತರಾಗುವುದು ಸಾಮಾನ್ಯ ರೂಢಿ. ನಡುಭಾಗಕ್ಕೆ ಜಾಕು ಕೊಟ್ಟು ಎತ್ತಿದರೆ ತಗಡು ಬಾಗಿ ಒಬ್ಬ ಮನುಷ್ಯ ನುಸುಳುವಷ್ಟು ಸಂದಿಯಾಗುತ್ತದೆ. ನಡುವೆ ನೆಲಕ್ಕೆ ಕಚ್ಚುವ ಮೂರನೆಯ ಬೀಗ ಬೇಕು. ಬಾಡಿಗೆದಾರ ಬಿಟ್ಟ ದಿನವೇ ಬೀಗಗಳನ್ನು ಬದಲಾಯಿಸುವುದು ಅಗತ್ಯ. ಅವನು ಪ್ರಾಮಾಣಿಕನೇ ಇರಬಹುದು. ಅವನ ಆಳುಗಳ ಬಳಿ ಎಷ್ಟು ನಕಲಿ ಕೀಲಿಗಳಿದ್ದವೆಂಬುದು ಅವನಿಗೇ ತಿಳಿಯದು. ಕ್ಯಾಮೆರಾ ಹಾಕಿಸುವವರು ಒಂದು ಮಾತು ನೆನಪಿಡಬೇಕು: ವಿದ್ಯುತ್ತಿನ ಮುಖ್ಯ ಸ್ವಿಚ್ಚು ಆರಿಸಿ ಹೋದರೆ ಅದೂ ಕಣ್ಣು ಮುಚ್ಚುತ್ತದೆ. ಕಣ್ಣು ತೆರೆದಿದ್ದರೂ ಅದು ಕಳ್ಳನ ಭಾವಚಿತ್ರ ತೆಗೆದೀತು, ಕೈ ಹಿಡಿಯದು.

ಕಳ್ಳನಿಗಿಂತ ಹೆಚ್ಚು ಮನೆಗಳನ್ನು ಕೆಡಿಸಿದ್ದು ಮಳೆ ಮತ್ತು ಗೆದ್ದಲು. ಮಣ್ಣಿನ ಮಾಳಿಗೆಯ ಮನೆಯಾದರೆ ಮುಂಗಾರಿಗೆ ಮುನ್ನ ಮೇಲೇರಿ ನೋಡುವವರಿರಬೇಕು. ನೀರು ಹೊರಬೀಳುವ ಕೊಳವೆಯಲ್ಲಿ ಒಂದು ಹಿಡಿ ಎಲೆ ಸಿಕ್ಕಿಕೊಂಡರೂ ಮಾಳಿಗೆಯ ಮೇಲೆ ನೀರು ನಿಂತು, ಜಂತಿಗಳು ನೆನೆದು, ಮೂರನೆಯ ಮಳೆಗಾಲಕ್ಕೆ ತೊಲೆ ಬಾಗುತ್ತದೆ. ವಾರಕ್ಕೊಮ್ಮೆ ಕಿಟಕಿ-ಬಾಗಿಲು ತೆರೆದು ಗಾಳಿಯಾಡಿಸಬೇಕು. ಶೌಚಾಲಯದಲ್ಲಿ ನೀರು ಹೊಯ್ಯಬೇಕು; ಬಳಸದಿದ್ದರೆ ಕೊಳವೆಯ ತಿರುವಿನಲ್ಲಿರುವ ನೀರು ಆರಿ, ಚರಂಡಿಯ ವಾಸನೆಯೂ ಜಿರಲೆಗಳೂ ಮನೆ ತುಂಬುತ್ತವೆ. ಸಂಪು, ಮೇಲ್ತೊಟ್ಟಿಗಳನ್ನು ಬರಿದು ಮಾಡಿದರೆ ಸಾಲದು, ಗೋಡೆ ಉಜ್ಜಿ ಮುಚ್ಚಳ ಬಿಗಿಯಬೇಕು. ಡೆಂಗ್ಯೂ ಹರಡುವ ಸೊಳ್ಳೆಯ ಮೊಟ್ಟೆಗಳು ನೀರು ಬತ್ತಿದ ಮೇಲೂ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. 2024ರಲ್ಲಿ ಕರ್ನಾಟಕ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಟ್ಟ ಕಟ್ಟಡದ ಒಡೆಯರಿಗೂ ದಂಡ ಗೊತ್ತುಮಾಡಿತು. ನಮ್ಮ ಖಾಲಿ ಮನೆ ನೆರೆಯವರ ಮಗುವಿಗೆ ಜ್ವರ ತರಬಾರದಲ್ಲವೇ?

ಇಷ್ಟೆಲ್ಲ ಮಾಡಿಯೂ ಮನೆ ಕಳೆದುಕೊಳ್ಳುವ ಇನ್ನೊಂದು ದಾರಿಯಿದೆ. ಅದು ಸದ್ದಿಲ್ಲದ ದಾರಿ. ನಾವು ಬಲ್ಲ ಒಂದು ತಾಲ್ಲೂಕು ಕೇಂದ್ರದಲ್ಲಿ ಪತಿಯನ್ನು ಕಳೆದುಕೊಂಡ ತಾಯಿಯೊಬ್ಬರಿಗೆ ಪೇಟೆಯ ಒಂದೇ ಅಂಗಡಿಯ ಬಾಡಿಗೆ ಜೀವನಾಧಾರ. ಬಾಡಿಗೆದಾರ ಬಿಟ್ಟುಹೋದ, ತಾಯಿ ಮಗಳ ಬಾಣಂತನಕ್ಕೆಂದು ಪರಊರಿಗೆ ಹೋದರು. ಪಕ್ಕದ ವರ್ತಕ ‘ಅಕ್ಕಾರ, ನಾಕ ದಿನ ಚೀಲಾ ಇಡ್ತೀನ್ರಿ’ ಎಂದು ಕೀಲಿ ಪಡೆದ. ನಾಲ್ಕು ದಿನ ನಾಲ್ಕು ತಿಂಗಳಾಯಿತು. ಚೀಲಗಳ ಜಾಗದಲ್ಲಿ ಹಲಗೆಗಳು ಬಂದವು, ಹಲಗೆಗಳ ಮುಂದೆ ತಕ್ಕಡಿ ಬಂತು, ಕಡೆಗೆ ಶಟರಿಗೆ ಅವನದೇ ಬೀಗ ಬಂತು. ತಾಯಿ ಹೋಗಿ ಕೇಳಿದಾಗ, ತಾನು ಬಾಡಿಗೆಗೆ ಇರುವುದಾಗಿಯೂ ಬಾಡಿಗೆಯನ್ನು ಕೈಯಲ್ಲೇ ಕೊಡುತ್ತಿರುವುದಾಗಿಯೂ ಹೇಳಿದ. ಒಂದು ರೂಪಾಯಿಯೂ ಅವರ ಕೈ ಸೇರಿರಲಿಲ್ಲ. ಅವರ ಪುಣ್ಯಕ್ಕೆ ವಿದ್ಯುತ್ ಬಿಲ್ಲು ಅವರದೇ ಹೆಸರಿನಲ್ಲಿತ್ತು, ಕರ ಕಟ್ಟಿದ ರಸೀದಿಗಳಿದ್ದವು. ಹಿರಿಯರು ಕೂತು ಮಾತಾಡಿದ ಮೇಲೆ ಅಂಗಡಿ ಮರಳಿ ಬಂತು. ಆದರೆ ಒಂಬತ್ತು ತಿಂಗಳು ಆ ಮನೆಯ ಒಲೆ ಹೇಗೆ ಉರಿಯಿತೆಂಬುದನ್ನು ನಾವು ಬಲ್ಲೆವು.

ಕಾನೂನು ಇಲ್ಲಿ ಏನು ಹೇಳುತ್ತದೆಂಬುದನ್ನು ಪ್ರತಿ ಕುಟುಂಬವೂ ತಿಳಿದಿರುವುದು ಲೇಸು. 1963ರ ಕಾಲಪರಿಮಿತಿ ಕಾಯ್ದೆಯ ಪ್ರಕಾರ ಬೇರೊಬ್ಬನು ಖಾಸಗಿ ಆಸ್ತಿಯನ್ನು ಬಹಿರಂಗವಾಗಿ, ಎಡೆಬಿಡದೆ, ಒಡೆಯನ ಹಕ್ಕನ್ನು ಧಿಕ್ಕರಿಸಿ 12 ವರ್ಷ ಅನುಭವಿಸಿದರೆ, ಅದನ್ನು ಮರಳಿ ಪಡೆಯುವ ಒಡೆಯನ ಹಕ್ಕೇ ನಂದಿಹೋಗುತ್ತದೆ. ಹೀಗೆ ಹಕ್ಕು ಗಳಿಸಿದವನು ತಾನೇ ವಾದಿಯಾಗಿ ದಾವೆ ಹೂಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಇದನ್ನು ಕೇಳಿ ಮನೆ ಕಾಯುವವನನ್ನೇ ಶಂಕಿಸಬೇಕಾಗಿಲ್ಲ. ಗೋವೆಯ ಸೋದರ-ಸೋದರಿಯರ ನಡುವಣ ಮನೆಯ ವ್ಯಾಜ್ಯವೊಂದರಲ್ಲಿ 2012ರಲ್ಲಿ ಅದೇ ನ್ಯಾಯಾಲಯ, ಮೇಲ್ವಿಚಾರಕನಾಗಲಿ ಕಾವಲುಗಾರನಾಗಲಿ ಸೇವಕನಾಗಲಿ ಎಷ್ಟು ಕಾಲ ಇದ್ದರೂ ಆ ಇರುವಿಕೆಯಿಂದ ಆಸ್ತಿಯಲ್ಲಿ ಹಕ್ಕು ಪಡೆಯಲಾರನೆಂದು ಸ್ಪಷ್ಟಪಡಿಸಿತು. ಆದರೆ ಅವನು ಮೇಲ್ವಿಚಾರಕನೆಂದು ತೋರಿಸಲು ಕಾಗದ ಬೇಡವೇ? ಒಂದು ಪುಟದ ಕರಾರು ಸಾಕು: ಮನೆ ನೋಡಿಕೊಳ್ಳಲು ಇಂತಿಷ್ಟು ಸಂಬಳ, ಬೇರೆಯವರನ್ನು ಇಡುವಂತಿಲ್ಲ, ಕೇಳಿದಾಗ ಕೀಲಿ ಮರಳಿಸಬೇಕು. ಸಂಬಳ ಬ್ಯಾಂಕಿನ ಮೂಲಕವೇ ಹೋಗಲಿ. ಅಣ್ಣತಮ್ಮಂದಿರ ನಡುವೆ ಕಾಗದವೇಕೆಂದು ಕೇಳುವವರಿದ್ದಾರೆ. ಗೋವೆಯ ವ್ಯಾಜ್ಯ ನಡೆದದ್ದು ಒಡಹುಟ್ಟಿದವರ ನಡುವೆಯೇ.

ಬಲಾತ್ಕಾರದಿಂದ ಯಾರಾದರೂ ಒಳಹೊಕ್ಕು ಕೂತರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹೂಡಿದವರಿಗೆ ಒಂದು ಅನುಕೂಲವುಂಟು: ಒಡೆತನದ ವಿಚಾರಣೆಗಾಗಿ ಕಾಯದೆ ಸ್ವಾಧೀನವನ್ನು ಮರಳಿ ಕೇಳಬಹುದು. ವರ್ಷಕ್ಕೊಮ್ಮೆ ಬಂದು ನೋಡುವವರಿಗೆ ಈ ಅನುಕೂಲ ತಪ್ಪಿಹೋಗುತ್ತದೆ. ಕೂತವನನ್ನು ತಾವೇ ತೋಳ್ಬಲದಿಂದ ಎಬ್ಬಿಸಲು ಹೋಗಬಾರದು. ಆಗ ಅದೇ ಕಲಮು ಒಡೆಯನ ವಿರುದ್ಧ ತಿರುಗೀತು.

ಕಾಗದಗಳ ಕಾವಲೂ ಇದೆ. ಕರವನ್ನು ವರ್ಷವರ್ಷವೂ ಒಡೆಯರ ಹೆಸರಿನಲ್ಲೇ ಕಟ್ಟಬೇಕು. ಏಪ್ರಿಲಿನಲ್ಲಿ ಕಟ್ಟಿದವರಿಗೆ ನಗರಸಭೆಗಳು ಶೇಕಡಾ 5ರ ರಿಯಾಯಿತಿ ಕೊಡುತ್ತವೆ. ವಿದ್ಯುತ್ ಮೀಟರನ್ನು ಬೇರೆಯವರ ಹೆಸರಿಗೆ ಮಾಡಿಸಬಾರದು. ತೀರಿಕೊಂಡ ತಂದೆಯ ಹೆಸರಿನಲ್ಲೇ ಖಾತೆ ಉಳಿದ ಮನೆಗಳು ಎಷ್ಟೋ. ವಾರಸಾ ಬದಲಾವಣೆಯನ್ನು ಮುಂದೂಡಬಾರದು. ವರ್ಷಕ್ಕೊಂದು ಬಾರಿ ಋಣಭಾರ ಪತ್ರವನ್ನು ಕಾವೇರಿ ಜಾಲತಾಣದಿಂದ ತೆಗೆಸಿದರೆ, ಆಸ್ತಿಯ ಮೇಲೆ ನಮಗೆ ತಿಳಿಯದ ನೋಂದಣಿಯೇನಾದರೂ ಆಗಿದ್ದರೆ ಬಯಲಾಗುತ್ತದೆ. ವ್ಯವಹಾರವಿಲ್ಲದಿದ್ದರೆ ಬರುವುದು 16ನೆಯ ನಮೂನೆ; 15ನೆಯ ನಮೂನೆ ಬಂದರೆ ಒಂದೊಂದು ಸಾಲನ್ನೂ ಓದಬೇಕು. ಪರದೇಶದ ಮಕ್ಕಳು ಊರಿನ ಆಪ್ತರಿಗೆ ಸರ್ವಾಧಿಕಾರದ ಮುಖತ್ಯಾರಪತ್ರ ಬರೆದುಕೊಡುವುದು ನಮಗೆ ಸರಿಕಾಣದು. ಕರ ಕಟ್ಟಲು, ದುರಸ್ತಿ ಮಾಡಿಸಲು, ದೂರು ಕೊಡಲು ಮಾತ್ರ ಅಧಿಕಾರ ಕೊಡುವ ಪತ್ರ ಸಾಕು. ಮಾರುವ ಅಧಿಕಾರವನ್ನು ಅದರಲ್ಲಿ ಸೇರಿಸಬಾರದು. ಅಂಗಡಿ-ಉಗ್ರಾಣಗಳಿಗೆ ಅಗ್ನಿವಿಮೆ ಇರುವವರು ಕರಾರನ್ನು ತೆಗೆದು ನೋಡಲಿ: ಕಟ್ಟಡ 30 ದಿನಗಳಿಗಿಂತ ಹೆಚ್ಚು ಖಾಲಿಯಿದ್ದರೆ, ಮೊದಲೇ ವಿಮಾ ಕಂಪನಿಯ ಒಪ್ಪಿಗೆ ಪಡೆಯದ ಹೊರತು ರಕ್ಷಣೆ ನಿಲ್ಲುವುದೆಂಬ ಷರತ್ತು ಅನೇಕ ಕರಾರುಗಳಲ್ಲಿರುತ್ತದೆ.

‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ಹಾಕಿದವರು ಕೀಲಿಯನ್ನು ದಲ್ಲಾಳಿಯ ಕೈಯಲ್ಲಿ ಬಿಟ್ಟು ನಿಶ್ಚಿಂತರಾಗಬಾರದು. ಒಡೆಯನಿಗೆ ತಿಂಗಳ ಬಾಡಿಗೆ ಎಂದು ಹೇಳಿ, ಬಂದವರಿಂದ ಲಕ್ಷಗಟ್ಟಲೆ ಹಣ ಪಡೆದು ಅದೇ ಮನೆಯನ್ನು ಭೋಗ್ಯಕ್ಕೆ ಕೊಟ್ಟು ಪರಾರಿಯಾಗುವ ವಂಚನೆ ಬೆಂಗಳೂರಿನಲ್ಲಿ ನಡೆದಿದೆ. ಆಗ ಒಳಗೆ ಬಂದ ಬಡ ಕುಟುಂಬವೂ ಹೊರಗಿರುವ ಒಡೆಯರೂ ಇಬ್ಬರೂ ನೊಂದವರೇ. ಬಾಡಿಗೆಗೆ ಬರುವವರ ಮುಖವನ್ನು ಒಡೆಯರೇ ಒಮ್ಮೆ ನೋಡಬೇಕು, ಕರಾರಿಗೆ ತಾವೇ ಸಹಿ ಮಾಡಬೇಕು.

ನಾಲ್ವರು ಅಣ್ಣತಮ್ಮಂದಿರ ಹೆಸರಿನಲ್ಲಿರುವ ಮನೆಗೆ ದುರಸ್ತಿಯ ಖರ್ಚು ಯಾರದೆಂಬ ವಾದದಲ್ಲೇ ತೊಲೆ ಮುರಿಯುತ್ತದೆ. ಹೆಣ್ಣುಮಕ್ಕಳಿಗೂ ಪಾಲುಂಟೆಂಬುದನ್ನು ಮರೆಯದೆ ಎಲ್ಲರೂ ವರ್ಷಕ್ಕಿಷ್ಟೆಂದು ಒಂದೇ ಬ್ಯಾಂಕು ಖಾತೆಗೆ ಹಾಕಲಿ. ಯುಗಾದಿಗೆ ಒಬ್ಬರು, ಮುಂಗಾರಿಗೆ ಮುನ್ನ ಒಬ್ಬರು, ದಸರೆಗೆ ಒಬ್ಬರು, ಸಂಕ್ರಾಂತಿಗೆ ಒಬ್ಬರು ಎಂದು ಸರದಿ ಹಚ್ಚಿಕೊಂಡು ಬಂದು, ಎರಡು ರಾತ್ರಿ ಅಲ್ಲಿಯೇ ಉಳಿದು ಒಲೆ ಹಚ್ಚಲಿ. ಬಂದವರು ಕಂಡದ್ದನ್ನು ಒಂದು ವಹಿಯಲ್ಲಿ ಬರೆದಿಡಲಿ: ಎಲ್ಲಿ ಸೋರಿದೆ, ಮೀಟರು ಎಷ್ಟು ತೋರಿಸುತ್ತದೆ, ಯಾರಿಗೆ ಎಷ್ಟು ಕೊಟ್ಟೆವು ಎಂದು. ಕೀಲಿಯ ಗೊಂಚಲು ಎರಡಿರಲಿ, ಒಂದು ನೋಡಿಕೊಳ್ಳುವವರಲ್ಲಿ, ಒಂದು ಮನೆತನದ ಹಿರಿಯರಲ್ಲಿ. ಗೊಂಚಲಿಗೆ ಮನೆಯ ವಿಳಾಸ ಬರೆದ ಚೀಟಿಯನ್ನು ಮಾತ್ರ ಕಟ್ಟಬಾರದು.