ಜೇಡಿಮಣ್ಣು, ಬಣ್ಣ ಮತ್ತು ಬಳಲಿದ ಮನಸ್ಸು

ದಿನವಿಡೀ ಲೆಕ್ಕಪತ್ರಗಳ ಮುಂದೆ ಕುಳಿತು ಬೇಸತ್ತ ಗುಮಾಸ್ತನು ಕಾಗದದ ಅಂಚಿನಲ್ಲಿ ಹೂಬಳ್ಳಿಯನ್ನು ಗೀಚುವುದುಂಟು. ಇದು ಕೇವಲ ಕಾಲಹರಣವೆ? ಅಥವಾ ಇದರಿಂದ ದೇಹಕ್ಕೂ ಏನಾದರೂ ಉಪಕಾರವಾಗುವುದೆ?

ನಮ್ಮ ಎರಡು ಮೂತ್ರಪಿಂಡಗಳ ಮೇಲೂ ಟೊಪ್ಪಿಗೆಯಂತೆ ಒಂದೊಂದು ಪುಟ್ಟ ಗ್ರಂಥಿಯಿದೆ. ಇದೇ ಅಡ್ರೀನಲ್ ಗ್ರಂಥಿ. ಕೆಲಸದ ಒತ್ತಡ ಹೆಚ್ಚಿದಾಗ ಇದು ಮಿದುಳಿನ ಪ್ರೇರಣೆಯಿಂದ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸ್ರವಿಸುತ್ತದೆ. ಆಗ ರಕ್ತದಲ್ಲಿ ಸಕ್ಕರೆಯ ಅಂಶವೇರಿ, ದೇಹವು ಕಷ್ಟವನ್ನೆದುರಿಸಲು ಅಣಿಯಾಗುತ್ತದೆ. ಆದರೆ ಈ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೆ ನಿದ್ರೆ ಕೆಡಬಹುದು, ರಕ್ತದೊತ್ತಡ ಏರಬಹುದು.

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. 39 ಮಂದಿ ವಯಸ್ಕರು 45 ನಿಮಿಷಗಳ ಕಾಲ ಜೇಡಿಮಣ್ಣು, ಬಣ್ಣದ ಲೇಖನಿ, ಕಾಗದದ ಚೂರು ಮೊದಲಾದವುಗಳಿಂದ ತಮಗಿಷ್ಟವಾದುದನ್ನು ರಚಿಸಿದರು. ಅದಕ್ಕೆ ಮೊದಲೂ ಅನಂತರವೂ ಅವರ ಜೊಲ್ಲುರಸದಲ್ಲಿನ ಕಾರ್ಟಿಸಾಲನ್ನು ಅಳೆಯಲಾಯಿತು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಸ್ವಾರಸ್ಯವೆಂದರೆ, ಕಲೆಯಲ್ಲಿ ಪಳಗಿದವರಿಗೂ ಅಭ್ಯಾಸವಿಲ್ಲದವರಿಗೂ ಇದರಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಆದರೂ ಅವಸರದ ತೀರ್ಮಾನ ಸಲ್ಲದು. ಕಾರ್ಟಿಸಾಲು ಬೆಳಗಿನಿಂದ ರಾತ್ರಿಯವರೆಗೆ ತಾನಾಗಿಯೂ ಇಳಿಯುತ್ತ ಹೋಗುತ್ತದೆ. ಸುಮ್ಮನೆ ಕುಳಿತವರ ಇನ್ನೊಂದು ಗುಂಪು ಹೋಲಿಕೆಗೆ ಇರಲಿಲ್ಲ.

ಕಾರ್ಯಾಲಯದ ಮೂಲೆಯಲ್ಲಿ ಒಂದು ಮುದ್ದೆ ಜೇಡಿಮಣ್ಣನ್ನಿಡಲು ಹೆಚ್ಚು ವೆಚ್ಚವಿಲ್ಲ. ಅದನ್ನು ಬಳಸಲು ಪ್ರತಿಭೆಯೂ ಬೇಕಿಲ್ಲ. ಆದರೆ ಮಿತಿಮೀರಿದ ದುಡಿಮೆಯ ಹೊರೆಯನ್ನು ಆ ಮಣ್ಣು ಇಳಿಸಲಾರದು. ಆ ಹೊಣೆ ದುಡಿಸುವವರದೇ.