ಬರೆಯುವ ಮೊದಲು: ಇತಿಹಾಸ ಪ್ರಬಂಧದ ರೂಪುರೇಷೆ

ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜು ಮಟ್ಟದ ಪಾಠ ಕಲಿಯಬಯಸುವವರಿಗೆ ಕಾಲೇಜ್ ಬೋರ್ಡ್ ಸಂಸ್ಥೆ ರೂಪಿಸಿದ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಕೋರ್ಸುಗಳಿವೆ. ಎಲ್ಲರೂ ಕರೆಯುವುದು ‘ಎಪಿ’ ಎಂದೇ. ಎಪಿ ಅಮೆರಿಕ ಇತಿಹಾಸದ ಪರೀಕ್ಷೆಯಲ್ಲಿ ದೀರ್ಘ ಪ್ರಬಂಧಕ್ಕೆ 40 ನಿಮಿಷ, 6 ಅಂಕ: ವಾದಕ್ಕೆ 1, ಹಿನ್ನೆಲೆಗೆ 1, ಪುರಾವೆಗೆ 2, ವಿಶ್ಲೇಷಣೆಗೆ 2. ವಿಷಯಕ್ಕೆ ಸಂಬಂಧಿಸಿದ ಎರಡು ನಿರ್ದಿಷ್ಟ ಸಂಗತಿ ಹೇಳಿದರೆ ಪುರಾವೆಯ ಮೊದಲ ಅಂಕ ಸಿಗುತ್ತದೆ. ಎರಡನೆಯದು ಸಿಗಬೇಕಾದರೆ ಆ ಸಂಗತಿಗಳು ವಾದವನ್ನು ಹೊತ್ತು ನಿಲ್ಲಬೇಕು. ರೂಪುರೇಷೆ ಬೇಕಾಗುವುದು ಇದಕ್ಕೇ.

ಒಂದು ಪ್ರಶ್ನೆ ತೆಗೆದುಕೊಳ್ಳೋಣ: 1865ರಿಂದ 1900ರವರೆಗೆ ದಕ್ಷಿಣ ರಾಜ್ಯಗಳ ಆಫ್ರಿಕನ್ ಅಮೆರಿಕನ್ನರ ಬದುಕು ಎಷ್ಟರಮಟ್ಟಿಗೆ ಬದಲಾಯಿತು?

ಪ್ರಶ್ನೆಯನ್ನು ಬಿಡಿಸುವುದು

‘ಎಷ್ಟರಮಟ್ಟಿಗೆ’ ಎಂದರೆ ಹೌದು, ಇಲ್ಲ ಎಂದರೆ ಸಾಲದು, ತೂಗಿ ಹೇಳಬೇಕು. ಇಸವಿಗಳು ಬೇಲಿ. ಅಂತರ್ಯುದ್ಧದ ಕದನಗಳು ಹಿನ್ನೆಲೆಯಲ್ಲಿ ಎರಡು ಸಾಲಿಗಿಂತ ಹೆಚ್ಚು ಜಾಗ ಪಡೆಯಬಾರದು.

ನೆನಪಾದದ್ದನ್ನು ಗೀಚಿಕೊಳ್ಳುವುದು

ಹಾಳೆಯನ್ನು ಎರಡು ಪಾಲು ಮಾಡಿ.

ಬದಲಾದದ್ದು: 1865ರ 13ನೇ ತಿದ್ದುಪಡಿಯಿಂದ ಗುಲಾಮಗಿರಿ ರದ್ದು, 1868ರ 14ನೆಯದರಿಂದ ಪೌರತ್ವ, 1870ರ 15ನೆಯದರಿಂದ ಜನಾಂಗದ ಕಾರಣಕ್ಕೆ ಮತದಾನ ನಿರಾಕರಿಸುವಂತಿಲ್ಲ, ಅದೇ ವರ್ಷ ಮಿಸಿಸಿಪಿಯಿಂದ ಆಫ್ರಿಕನ್ ಅಮೆರಿಕನ್ ಹೈರಮ್ ರೆವೆಲ್ಸ್ ಸೆನೆಟ್‌ಗೆ.

ಬದಲಾಗದ್ದು: ಬಿಡುಗಡೆಯಾದವರನ್ನು ಕಟ್ಟಿಹಾಕಿದ 1865–66ರ ‘ಬ್ಲ್ಯಾಕ್ ಕೋಡ್’ ಕಾನೂನುಗಳು, ಬೆಳೆಯಲ್ಲಿ ಪಾಲು ಕೊಟ್ಟು ಇನ್ನೊಬ್ಬರ ಹೊಲ ಗೇಯುವ ಪದ್ಧತಿ, 1890ರ ಮಿಸಿಸಿಪಿ ಸಂವಿಧಾನದ ಮತ ತೆರಿಗೆ ಮತ್ತು ಸಾಕ್ಷರತಾ ಪರೀಕ್ಷೆ, ಪ್ರತ್ಯೇಕತೆಗೆ ಒಪ್ಪಿಗೆಯ ಮುದ್ರೆ ಒತ್ತಿದ ಸುಪ್ರೀಂ ಕೋರ್ಟಿನ 1896ರ ಪ್ಲೆಸ್ಸಿ ತೀರ್ಪು.

ವಾದ ಕಟ್ಟುವುದು

ಇದನ್ನೇ ಬರೆದುಬಿಟ್ಟರೆ ‘ಕೆಲವು ಬದಲಾದವು, ಕೆಲವು ಬದಲಾಗಲಿಲ್ಲ’ ಎಂಬಲ್ಲಿಗೆ ಪ್ರಬಂಧ ಮುಗಿಯುತ್ತದೆ. ಯಾರೂ ಅಲ್ಲಗಳೆಯಲಾರದ ಮಾತು ವಾದವಾಗದು. ಎರಡು ಪಾಲಿನ ನಡುವೆ ‘ಏಕೆ’ ಎಂದು ಕೇಳಬೇಕು. ಉತ್ತರ ಹೀಗೆ ಬರಬಹುದು: ಕಾನೂನು ಹಕ್ಕು ಕೊಟ್ಟಿತು, ನೆಲ ಕೊಡಲಿಲ್ಲ, ಹಾಗಾಗಿ ಒಕ್ಕೂಟ ಸರ್ಕಾರದ ಬೆಂಬಲ ಇರುವಷ್ಟು ದಿನ ಮಾತ್ರ ಹಕ್ಕಿಗೆ ಬಲವಿತ್ತು. ಇದನ್ನು ಒಪ್ಪದವರು ಇರಬಹುದು. ವಾದಕ್ಕೆ ಬೇಕಾದದ್ದೇ ಅದು.

ಈಗ ಪ್ರತಿ ಪ್ಯಾರಾಕ್ಕೂ ಒಂದು ಪೂರ್ಣ ವಾಕ್ಯವನ್ನೇ ಶೀರ್ಷಿಕೆಯಾಗಿ ಕೊಡಿ.

1. ಮೂರು ತಿದ್ದುಪಡಿಗಳು ಗುಲಾಮರಾಗಿದ್ದವರನ್ನು ಪೌರರನ್ನಾಗಿಸಿದವು.
2. ನೆಲವಿಲ್ಲದ್ದರಿಂದ ಅವರು ಹಳೆಯ ಭೂಮಾಲೀಕರ ಹಂಗಿನಲ್ಲೇ ಉಳಿದರು. (ಒಕ್ಕೂಟ ಸೇನೆಯ ಜನರಲ್ ಷೆರ್ಮನ್ 1865ರ ಜನವರಿಯಲ್ಲಿ ಬಿಡುಗಡೆಯಾದವರಿಗಾಗಿ ಮೀಸಲಿಟ್ಟ ಜಮೀನಿನ ಬಹುಪಾಲನ್ನು ಅಧ್ಯಕ್ಷ ಜಾನ್ಸನ್ ಅದೇ ವರ್ಷ ಹಳೆಯ ಒಡೆಯರಿಗೆ ಮರಳಿಸಿದ್ದು ಇಲ್ಲಿಗೆ.)
3. 1877ರಲ್ಲಿ ಒಕ್ಕೂಟ ಸೇನೆಯ ರಕ್ಷಣೆ ತಪ್ಪಿದ ಮೇಲೆ, ಆ ಹಂಗಿನಲ್ಲಿದ್ದವರ ಮತದ ಹಕ್ಕನ್ನು ಕಿತ್ತುಕೊಳ್ಳುವುದು ಸುಲಭವಾಯಿತು.
4. ಆದರೂ ಗುಲಾಮಗಿರಿ ಮರಳಲಿಲ್ಲ: ಮಕ್ಕಳನ್ನು ಮಾರುವ ಅಧಿಕಾರ ಯಾರಿಗೂ ಉಳಿಯಲಿಲ್ಲ, ಅವರದೇ ಚರ್ಚು, ಶಾಲೆಗಳು ಬೆಳೆದವು.

ನಾಲ್ಕನೆಯದು ನಮ್ಮ ವಾದಕ್ಕೇ ಎದುರಾಡುತ್ತದೆ. ಅದನ್ನು ಮುಚ್ಚಿಡದೆ, ವಾದ ಎಲ್ಲಿಯವರೆಗೆ ಸರಿ ಎಂದು ಹೇಳಲು ಬಳಸಿಕೊಳ್ಳಿ.

ರೂಪುರೇಷೆ ಗಟ್ಟಿಯೋ ಎಂದು ತಿಳಿಯಲು ಪ್ಯಾರಾಗಳ ಸ್ಥಾನ ಅದಲುಬದಲು ಮಾಡಿ ನೋಡಿ. ಏನೂ ಕೆಡದಿದ್ದರೆ ಅದು ಬರೀ ಪಟ್ಟಿ. ಇಲ್ಲಿ ಎರಡನೆಯದು ಇಲ್ಲದೆ ಮೂರನೆಯದು ಅರ್ಥವಾಗುವುದಿಲ್ಲ.

ದಾಖಲೆಗಳಿದ್ದಾಗ

ದಾಖಲೆ ಆಧರಿಸಿದ ಪ್ರಬಂಧಕ್ಕೆ ಓದುವ 15 ನಿಮಿಷ ಸೇರಿ ಒಂದು ಗಂಟೆ, ದಾಖಲೆಗಳು 7. ಅವನ್ನು ಕೊಟ್ಟ ಕ್ರಮದಲ್ಲೇ ಒಂದೊಂದಾಗಿ ವಿವರಿಸುತ್ತ ಹೋಗಬೇಡಿ. ಶೀರ್ಷಿಕೆ ವಾಕ್ಯಗಳ ಮುಂದೆ ದಾಖಲೆಯ ಸಂಖ್ಯೆ ಬರೆದುಕೊಳ್ಳಿ. ಯಾರು, ಯಾರಿಗಾಗಿ, ಯಾವ ಉದ್ದೇಶದಿಂದ ಬರೆದರು ಎಂಬುದನ್ನು ಕನಿಷ್ಠ ಎರಡಕ್ಕಾದರೂ ಗುರುತಿಸಿ.

ಇಷ್ಟಕ್ಕೆಲ್ಲ ಆರೇಳು ನಿಮಿಷ ಸಾಕು. ಕೊನೆಗೆ ಯಾವ ಶೀರ್ಷಿಕೆಯಡಿಯೂ ಕೂರದ ಸಂಗತಿ ಉಳಿದರೆ ಹೊಡೆದುಹಾಕಿ. 1876ರ ಅಧ್ಯಕ್ಷ ಚುನಾವಣೆಯ ರೋಚಕ ಕಥೆ ನಿಮಗೆ ಚೆನ್ನಾಗಿ ಗೊತ್ತಿರಬಹುದು; ಈ ಪ್ರಬಂಧಕ್ಕೆ ಅದರಿಂದ ಬೇಕಾದದ್ದು ಒಂದೇ ಸಾಲು: ಅದರ ವಿವಾದ ಬಗೆಹರಿದ ಮೇಲೆ ಒಕ್ಕೂಟ ಸೇನೆಯ ರಕ್ಷಣೆ ತಪ್ಪಿತು.